ದೋಸೆ ಹಿಟ್ಟು ಮಾರುವ ಮುಂಚೆ ಯಾರನ್ನು ಕೇಳಬೇಕು?

ತಂಗಿ ಮಗಳಿಗೆ ಬೆಂಗಳೂರಿನ ವಿಜಯನಗರದಲ್ಲಿ ದೋಸೆ ಹಿಟ್ಟು ಮಾರುವ ಆಸೆ. "ದೊಡ್ಡಮ್ಮ, ಮೊದಲು ಜನರನ್ನ ಕೇಳ್ಲಾ, ಇಲ್ಲಾ ನೆಟ್‌ನಲ್ಲಿ ಹುಡುಕ್ಲಾ?" ಎಂದಳು. ಮನೆ ಮನೆ ಸರ್ವೆ ಮಾಡಿಯೇ ಸಂಬಳ ತಗೊಂಡವಳು ನಾನು. ಆದರೂ ಮೊದಲು ಕೂತು ಓದು ಎಂದೆ.

ಬೇರೆಯವರು ಆಗಲೇ ಕಲೆಹಾಕಿದ್ದನ್ನು ಓದುವುದೇ ಸೆಕೆಂಡರಿ ರಿಸರ್ಚ್. ಖರ್ಚು ಕಡಿಮೆ. ಕೇಂದ್ರ ಸರ್ಕಾರದ 2023-24ರ ಮನೆಖರ್ಚಿನ ಸರ್ವೆ ಪುಕ್ಕಟೆ ಸಿಗುತ್ತದೆ. ಪಟ್ಟಣಗಳಲ್ಲಿ ಒಬ್ಬರಿಗೆ ತಿಂಗಳಿಗೆ ಸರಾಸರಿ 6,996 ರೂಪಾಯಿ ಖರ್ಚು, ಅದರಲ್ಲಿ ನೂರಕ್ಕೆ ಸುಮಾರು 40 ಊಟ ತಿಂಡಿಗೆ. ಆದರೆ ಇದು ಇಡೀ ದೇಶದ ಲೆಕ್ಕ, ನಿಮ್ಮ ಬೀದಿಯದ್ದಲ್ಲ. ಪ್ಯಾಕೆಟ್ ಹಿಟ್ಟು ಮಾರುವ ಐಡಿ ಫ್ರೆಶ್ ಕಂಪನಿ 2005ರಲ್ಲಿ ಇದೇ ಊರಲ್ಲಿ ಶುರುವಾದದ್ದು. ಅಂಥ ಕಂಪನಿಗಳ ವಾರ್ಷಿಕ ಲೆಕ್ಕಪತ್ರವನ್ನೂ ಕಂಪನಿ ವ್ಯವಹಾರಗಳ ಸಚಿವಾಲಯದ ಸೈಟಿನಲ್ಲಿ ಶುಲ್ಕ ಕಟ್ಟಿ ನೋಡಬಹುದು.

ಯಾವುದೇ ಅಂಕಿ ಸಿಕ್ಕರೂ ಇಸವಿ ನೋಡಿ. ವಾರ್ಡುವಾರು ಮನೆಗಳ ಲೆಕ್ಕ ಹುಡುಕಿದರೆ ಸಿಗುವುದು 2011ರ ಜನಗಣತಿ. ವಿಜಯನಗರಕ್ಕೆ ಮೆಟ್ರೋ ಬಂದದ್ದು 2015ರಲ್ಲಿ. ಆಮೇಲೆ ಸ್ಟೇಷನ್ ಹತ್ತಿರ ಬಾಡಿಗೆಗೆ ಬಂದವರು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹಿಟ್ಟು ರುಬ್ಬಲು ಪುರುಸೊತ್ತಿಲ್ಲದವರು ಅವರೇ ಅಲ್ವಾ?

ಅವರನ್ನು ನೀವೇ ಹೋಗಿ ಕಾಣಬೇಕು. ಅದು ಪ್ರೈಮರಿ ರಿಸರ್ಚ್. ಕಾಲು ನೋಯುತ್ತದೆ, ಹೊತ್ತು ಜಾಸ್ತಿ ಹಿಡಿಯುತ್ತದೆ, ಮಾತಾಡಿಸಲು ಸಿಗುವ ಜನ ಕಡಿಮೆ. ಹಾಗಾಗಿ ಓದಿ ತಿಳಿಯಬಹುದಾದದ್ದನ್ನು ಬಾಗಿಲಲ್ಲಿ ನಿಂತು ಕೇಳಬೇಡಿ.

"ನಮ್ಮ ಹಿಟ್ಟು ತಗೋತೀರಾ?" ಅನ್ನುವುದು ದಂಡದ ಪ್ರಶ್ನೆ. ಎದುರಿಗೆ ನಿಂತವರಿಗೆ ಬೇಡ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಬದಲಿಗೆ "ಹೋದ ಸಲ ಯಾವಾಗ ತಂದ್ರಿ? ಎಲ್ಲಿಂದ? ಎಷ್ಟು ಕೊಟ್ರಿ? ಮಿಕ್ಕಿದ್ದು ಏನ್ಮಾಡಿದ್ರಿ?" ಎಂದು ಕೇಳಿ. ನಡೆದದ್ದನ್ನು ಹೇಳುವಾಗ ಜನ ಅಷ್ಟಾಗಿ ಮುಲಾಜು ನೋಡುವುದಿಲ್ಲ. ಸ್ಯಾಂಪಲ್ ಕೊಟ್ಟರೂ ಹತ್ತು ರೂಪಾಯಿಯಾದರೂ ತಗೊಳ್ಳಿ. ಬಿಟ್ಟಿ ಹಿಟ್ಟನ್ನು ಎಲ್ಲರೂ ಹೊಗಳುತ್ತಾರೆ. ನೆಂಟರನ್ನಂತೂ ಕೇಳಲೇಬೇಡಿ.

ಶನಿವಾರ ಸಂಜೆ ಕಿರಾಣಿ ಅಂಗಡಿ ಮುಂದೆ ನಿಂತು ನೋಡಿ. ಭಾನುವಾರದ ತಿಂಡಿಗೆ ಯಾರು, ಯಾವ ಅಳತೆಯ ಪ್ಯಾಕೆಟ್ ಒಯ್ಯುತ್ತಾರೆ ಎಂದು ಬರೆದುಕೊಳ್ಳಿ. ಹುಳಿ ಬಂದು ವಾಪಸ್ ಹೋಗುವ ಪ್ಯಾಕೆಟ್ ಎಷ್ಟು ಅನ್ನುವುದು ಅಂಗಡಿಯವರಿಗೆ ಮಾತ್ರ ಗೊತ್ತು. ಸುಮ್ನೆ ಕೇಳಿದರೆ ಹೇಳುವುದಿಲ್ಲ. ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಹೋಗಿ, ಏನಾದರೂ ಕೊಂಡು, ಆಮೇಲೆ ಮಾತು ತೆಗೆಯಿರಿ.