ಒಂದೇ ಆಲ್ಬಮ್, ನಾಲ್ಕು ದೇಶದ ಪ್ಲೇಟು

"ಹಾಡು ಅವೇ ಅದಾವಲ್ರೀ, ಮತ್ಯಾಕ ಇನ್ನೊಂದು?" ಹಳೇ ಸಾಮಾನು ಮಾರುವ ಚಾಚಾನಿಂದ ಹಿಡಿದು ನಮ್ಮ ಮನೆಯವರ ತನಕ ಎಲ್ಲರೂ ಕೇಳುವ ಪ್ರಶ್ನೆ ಇದು. ನನ್ನ ಹತ್ತಿರ ಇಂಗ್ಲೆಂಡಿನ ರಾಕ್ ತಂಡ ಡೀಪ್ ಪರ್ಪಲ್‌ನ 'ಮೇಡ್ ಇನ್ ಜಪಾನ್' ಅನ್ನುವ ಲೈವ್ ಆಲ್ಬಮ್ಮಿನ ಗ್ರಾಮಫೋನ್ ಪ್ಲೇಟು ಇಂಗ್ಲೆಂಡ್, ಜರ್ಮನಿ, ಅಮೆರಿಕ, ಜಪಾನ್ ನಾಲ್ಕೂ ಕಡೆ ಒತ್ತಿದ್ದು ಇದೆ. ಒಂದಾದ ಮೇಲೊಂದು ಹಾಕಿ ಕೇಳಿದರೆ ಒಂದರ ಹಾಗೆ ಇನ್ನೊಂದಿಲ್ಲ.

ಕಾರ್ಯಕ್ರಮ ನಡೆದದ್ದು 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದಲ್ಲಿ, 17ರಂದು ಟೋಕಿಯೊದ ಬುಡೋಕಾನ್‌ನಲ್ಲಿ. ಮೊದಲ ದಿನ ನಮ್ಮಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬ! ಸೌಂಡ್ ಎಂಜಿನಿಯರ್ ಮಾರ್ಟಿನ್ ಬರ್ಚ್ ಆ ಕಾರ್ಯಕ್ರಮಗಳನ್ನು ಎಂಟು ಟ್ರ್ಯಾಕ್ ಟೇಪಿಗೆ ಇಳಿಸಿಕೊಂಡರು. ಆದರೆ ಟೇಪಿನಿಂದ ಪ್ಲೇಟಿಗೆ ಬರುವ ದಾರಿಯಲ್ಲಿ ಇನ್ನೊಬ್ಬರ ಕೈ ಇದೆ. ಆ ಕಾಲದಲ್ಲಿ ಸಾಮಾನ್ಯವಾಗಿ ದೇಶ ದೇಶಕ್ಕೆ ಟೇಪಿನ ನಕಲು ಹೋಗುತ್ತಿತ್ತು. ಅಲ್ಲಿನ ಎಂಜಿನಿಯರ್ ಅದರಿಂದ ಮೂಲ ಪ್ಲೇಟಿಗೆ ಹಾಡಿನ ಗೆರೆ ಕೊರೆಯುತ್ತಿದ್ದರು, ಆ ಮೂಲದಿಂದ ಅಚ್ಚು ತೆಗೆದು ಪ್ಲೇಟು ಒತ್ತುತ್ತಿದ್ದರು. ಬೇಸ್ ಎಷ್ಟು ಬಿಡಬೇಕು, ಸದ್ದು ಎಷ್ಟು ಏರಿಸಬೇಕು ಅನ್ನುವುದು ಆ ಎಂಜಿನಿಯರ್ ಕಿವಿಗೆ ಬಿಟ್ಟದ್ದು. ನಾನು ಹುಡುಕುವುದು ಆ ಕಿವಿಯನ್ನೇ.

ಕೊಳ್ಳುವಾಗ ಹೊದಿಕೆಯನ್ನು ಆಮೇಲೆ ನೋಡುತ್ತೇನೆ. ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಒಂದು ಖಾಲಿ ಪಟ್ಟಿ ಉಳಿಯುತ್ತದೆ ಅಲ್ವಾ, ಮೊದಲು ನೋಡುವುದು ಅದನ್ನು. ಪ್ಲೇಟಿನ ಅಂಚು ಹಿಡಿದು ಬೆಳಕಿಗೆ ಸ್ವಲ್ಪ ವಾರೆ ಮಾಡಿದರೆ ಅಲ್ಲಿ ಕೊರೆದ ಅಕ್ಷರ ಕಾಣುತ್ತವೆ. ಇಂಗ್ಲೆಂಡಿನ ಪ್ರತಿ ಇಎಂಐ ಕಂಪನಿ ಒತ್ತಿದ್ದು. ಆಲ್ಬಮ್ಮಿನ ನಂಬರು ಟಿಪಿಎಸ್‌ಪಿ 351 ಆದ ಮೇಲೆ ಎ, ಬಿ ಅಂತ ಬದಿಯ ಅಕ್ಷರ, ಅದರ ಮುಂದೆ ಒಂದು ಅಂಕಿ. 1 ಅಂತ ಇದ್ದರೆ ಮೊದಲ ಸಲ ಕೊರೆದದ್ದು. ಗಡಿಯಾರದಲ್ಲಿ 3 ಇರುವ ಜಾಗದಲ್ಲಿ ಅಚ್ಚಿನ ಗುರುತು ಇರುತ್ತದೆ. ಅದಕ್ಕೆ ಅವರು ಅಂಕಿ ಬದಲು ಜಿ, ಆರ್, ಎ, ಎಂ, ಓ, ಪಿ, ಎಚ್, ಎಲ್, ಟಿ, ಡಿ ಬಳಸುತ್ತಿದ್ದರು. ಜಿ ಅಂದರೆ 1, ಆರ್ ಅಂದರೆ 2, ಕೊನೆಯ ಡಿ ಸೊನ್ನೆ. 'ಆರ್ ಎ' ಅಂತ ಇದ್ದರೆ 23ನೇ ಅಚ್ಚು. ಅಂಕಿ ಸಣ್ಣದಿದ್ದಷ್ಟೂ ಮೊದಮೊದಲು ಒತ್ತಿದ ಪ್ಲೇಟು.

ಜಪಾನಿನದು ಗುರುತಿಸುವುದು ಸುಲಭ. ಹೆಸರೇ 'ಲೈವ್ ಇನ್ ಜಪಾನ್', ಹೊದಿಕೆಯ ಚಿತ್ರವೂ ಬೇರೆ. ಎಡಗಡೆ ಸುತ್ತುವ ಓಬಿ ಅನ್ನುವ ಕಾಗದದ ಪಟ್ಟಿ ಉಳಿದಿದ್ದರೆ ಬೆಲೆ ತುಂಬಾ ಜಾಸ್ತಿ.

ಹೋಲಿಸಿ ನೋಡಲು ಮೊದಲ ಬದಿಯ 'ಚೈಲ್ಡ್ ಇನ್ ಟೈಮ್' ಸಾಕು. ಶುರುವಿನಲ್ಲಿ ಜಾನ್ ಲಾರ್ಡ್ ಅವರ ಆರ್ಗನ್ ತೀರಾ ಮೆತ್ತಗೆ ಬರುತ್ತದೆ. ಪ್ಲೇಟಿನ ಚಟಪಟ ಏನಿದ್ದರೂ ಅಲ್ಲೇ ಸಿಕ್ಕಿಬೀಳುತ್ತದೆ. ಕೊನೆಯ ಅಬ್ಬರ ಬರುವ ಹೊತ್ತಿಗೆ ಮುಳ್ಳು ಲೇಬಲ್ ಹತ್ತಿರ ಬಂದಿರುತ್ತದೆ. ಅಲ್ಲಿ ಸುತ್ತು ಚಿಕ್ಕದು, ಒಂದು ಸುತ್ತಿಗೆ ಸಿಗುವ ಗೆರೆಯ ಉದ್ದ ಕಡಿಮೆ, ಸದ್ದು ಒಡೆಯುವುದು ಬೇಗ. ನನ್ನ ಪ್ರತಿಗಳಲ್ಲಿ ಜಪಾನಿನದಕ್ಕೆ ಹಿನ್ನೆಲೆ ನಿಶ್ಶಬ್ದ, ಇಂಗ್ಲೆಂಡಿನದಕ್ಕೆ ಡ್ರಮ್ಮಿನ ಪೆಟ್ಟು ಎದೆಗೆ ತಾಗುತ್ತದೆ. ಒಂದೇ ಇಟ್ಟುಕೊಳ್ಳಬೇಕು ಅಂದರೆ ಇಂಗ್ಲೆಂಡಿನದು.

ಕಲಬುರಗಿಯಲ್ಲಿ ಇಂಥವು ಸಿಗುವುದು ಅಪರೂಪ. ಇಲ್ಲಿ ನನಗೆ ಸಿಕ್ಕವೆಲ್ಲ ಹೆಚ್ಚಾಗಿ ಕೋಲ್ಕತ್ತದ ಡಂ ಡಂ ಕಾರ್ಖಾನೆಯ ಹಿಂದಿ ಸಿನಿಮಾ ಪ್ಲೇಟುಗಳು. ರಾಕ್ ಬೇಕಂದರೆ ರಾತ್ರಿ ರೈಲು ಹತ್ತಿ ಮುಂಬೈಯ ಚೋರ್ ಬಜಾರಿಗೆ ಹೋಗಬೇಕು. ಉಳಿದದ್ದು ಪಾರ್ಸೆಲ್‌ನಲ್ಲಿ.

ಪಾರ್ಸೆಲ್ ಬೇಸಿಗೆಯಲ್ಲಿ ತರಿಸುವುದಿಲ್ಲ. ಪ್ಲೇಟು ಪಿವಿಸಿ ಪ್ಲಾಸ್ಟಿಕ್ಕಿನದು, ಕಾವು ತಾಗಿದರೆ ಸೊಟ್ಟಗಾಗುತ್ತದೆ. ಮೇ ತಿಂಗಳ ನಮ್ಮ ಬಿಸಿಲಲ್ಲಿ ನಿಂತ ಕಾರಿನೊಳಗೆ ಸ್ವಲ್ಪ ಹೊತ್ತು ಬಿಟ್ಟರೂ ಮುಗಿಯಿತು. ಮಾಳಿಗೆ ಕೋಣೆಯೂ ಬೇಡ. ನಾನು ಕೆಳಗಿನ ಮನೆಯ ಒಳಕೋಣೆಯಲ್ಲಿ, ಬಿಸಿಲು ಬೀಳುವ ಗೋಡೆಯಿಂದ ದೂರ, ನೆಟ್ಟಗೆ ನಿಲ್ಲಿಸಿ ಇಡುತ್ತೇನೆ. ಒಂದರ ಮೇಲೊಂದು ಪೇರಿಸುವುದಿಲ್ಲ. ಧೂಳಿಗೆ ಡಿಸ್ಟಿಲ್ಡ್ ವಾಟರ್, ಮೆತ್ತನೆ ಬಟ್ಟೆ, ಗೆರೆ ಸುತ್ತಿದ ಕಡೆಗೇ ಒರೆಸಬೇಕು. ಪ್ಲೇಯರ್ ಕೆಳಗೆ ಶಹಾಬಾದ್ ಕಲ್ಲಿನ ಒಂದು ದಪ್ಪ ಹಾಸು ಹಾಕಿಸಿದ್ದೇನೆ. ರಸ್ತೆಯಲ್ಲಿ ಲಾರಿ ಹೋದರೂ ಮುಳ್ಳು ಅದುರುವುದಿಲ್ಲ. ಪರ್ಸಿ (ಹಾಸುಗಲ್ಲು) ಅಂಗಡಿಯಲ್ಲಿ ಅಳತೆ ಕೊಟ್ಟರೆ ಕೊಯ್ದು ಕೊಡುತ್ತಾರೆ, ನಾಲ್ಕು ಮೂಲೆಗೆ ರಬ್ಬರ್ ತುಂಡು ನಾವೇ ಅಂಟಿಸಿಕೊಳ್ಳಬೇಕು.