ಕವರೇಜ್ ನೂರಕ್ಕೆ ನೂರು ಬಂದರೂ ಕವಲುಗಳನ್ನು ನೋಡಿ
ಬದಿಯಡ್ಕ, ಕುಂಬಳೆ ಕಡೆಯ ಅಡಿಕೆ ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಬರೆಯುವ ಗೆಳೆಯರ ಗಮನಕ್ಕೆ. ಕವರೇಜ್ ವರದಿ, ಅಂದರೆ ಪರೀಕ್ಷೆಗಳು ಕೋಡ್‌ನ ಎಷ್ಟು ಭಾಗವನ್ನು ಓಡಿಸಿದವು ಎಂಬ ಲೆಕ್ಕ, ಶೇ. 100 ಎಂದರೆ ಬೀಗಬೇಡಿ. ಅದು ಸಾಲುಗಳ ಲೆಕ್ಕವೋ ಕವಲುಗಳ (ಷರತ್ತು ನಿಜವಾದಾಗ ಒಂದು, ಸುಳ್ಳಾದಾಗ ಇನ್ನೊಂದು ದಾರಿ) ಲೆಕ್ಕವೋ ನೋಡಿ. ‘ತೂಕ 50 ಕಿಲೋ ದಾಟಿದರೆ ಹೆಚ್ಚುವರಿ ದರ’ ಎಂಬ ಇಫ್ ಷರತ್ತು ಇದೆ, ದಾಟದಿದ್ದರೆ ಏನು ಎನ್ನುವ ಎಲ್ಸ್ ಇಲ್ಲ ಎಂದುಕೊಳ್ಳಿ. 60 ಕಿಲೋದ ಒಂದೇ ಪರೀಕ್ಷೆ ಎಲ್ಲ ಸಾಲುಗಳನ್ನೂ ಮುಟ್ಟಿಬಿಡುತ್ತದೆ. ಆದರೆ ಆ ದರದ ವೇರಿಯಬಲ್‌ಗೆ ಇಫ್ ಒಳಗೆ ಮಾತ್ರ ಮೌಲ್ಯ ಕೊಟ್ಟಿದ್ದರೆ, 40 ಕಿಲೋ ತಂದವರ ಬಿಲ್ ಅಲ್ಲೇ ಮುಗ್ಗರಿಸುತ್ತದೆ. ಪೈಥಾನ್ ಬಳಸುವವರು ಕವರೇಜ್ ಉಪಕರಣವನ್ನು ಬ್ರಾಂಚ್ (ಕವಲು) ಆಯ್ಕೆಯೊಂದಿಗೆ ಓಡಿಸಿ. ಸರಿಯಾಗಿ 50 ಕಿಲೋವನ್ನೂ ಕೊಟ್ಟು ನೋಡಿ. ತಪ್ಪು ಅಡಗುವುದು ಹೆಚ್ಚಾಗಿ ಅಂಚಿನಲ್ಲೇ.

ಇನ್ನು, ಹಳೆ ಅಡಿಕೆಗೆ ಬೇರೆ ದರವಿದೆ ಎಂಬುದನ್ನು ಕೋಡ್‌ನಲ್ಲಿ ಬರೆಯಲೇ ಮರೆತಿದ್ದರೆ ಯಾವ ಕವರೇಜೂ ಹೇಳಿಕೊಡದು. ಅದಕ್ಕೆ ಅಂಗಡಿಯವರನ್ನೇ ಕೇಳಬೇಕು.