ಬ್ಯಾಡಗಿಯ ದಲಾಲಿ ಅಂಗಡಿಯ ಕಿರ್ದಿ ಮುಂಬೈ ಸರ್ವರಿಗೆ ಹೋದದ್ದು: ನನ್ನ ಅನುಭವ

ಕಳೆದ ಸೀಸನ್ನಿನ ಒಂದು ಗುರುವಾರ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರ್ (ಮಾಲಿಗೆ ವರ್ತಕರು ಹಾಕಿದ ಬೆಲೆ) ಘೋಷಣೆಯಾಗಿ ತೂಕ ನಡೆಯುತ್ತಿದ್ದಾಗ, ನಮ್ಮ ಓಣಿಯಲ್ಲಿ ರಸ್ತೆ ಅಗೆಯುತ್ತಿದ್ದವರು ಫೈಬರ್ ಕೇಬಲ್ ಕಡಿದರು. ನಾನು ಫೋನಿನ ಹಾಟ್‌ಸ್ಪಾಟ್ ಹಾಕಿದೆ. ನಮ್ಮ ದಲಾಲಿ ಅಂಗಡಿಯ ಲೆಕ್ಕವೆಲ್ಲ ಮುಂಬೈಯ ಬಾಡಿಗೆ ಸರ್ವರಿನಲ್ಲಿ, ಅಂದರೆ ದೂರದ ಕಂಪ್ಯೂಟರಿನಲ್ಲಿ ಇರುವುದರಿಂದ, ಗುಮಾಸ್ತರು ಬರೆಯುತ್ತಿದ್ದ ಪಟ್ಟಿ (ರೈತರಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ) ಯಾವ ಅಂಕಿಯಲ್ಲಿ ನಿಂತಿತ್ತೋ ಅದೇ ಅಂಕಿಯಲ್ಲಿ ತೆರೆದುಕೊಂಡಿತು. ರಾತ್ರಿ ಹನ್ನೊಂದರೊಳಗೆ ಸುಮಾರು 180 ಪಟ್ಟಿಗಳು ರೈತರ ಕೈಸೇರಿದವು.

"ನಮ್ಮ ಕಿರ್ದಿ ಮುಂಬೈದಾಗ ಇಟ್ಟು, ನಾವು ಬ್ಯಾಡಗ್ಯಾಗ ಏನ್ ನೋಡ್ಕೋತ ಕೂಡೋದು?" ಎಂದು, ನಾನು ಮೊದಲು ಈ ಮಾತೆತ್ತಿದಾಗ, ನಮ್ಮ ಹಿರಿಯಣ್ಣ ಕೇಳಿದ್ದರು. ಹುಬ್ಬಳ್ಳಿಯ ನಮ್ಮ ಆಡಿಟರೂ ಬೇಡವೆಂದಿದ್ದರು. ಆದರೆ 2020ರ ಫೆಬ್ರವರಿಯಲ್ಲಿ ಹಾರ್ಡ್ ಡಿಸ್ಕ್ ಕೈಕೊಟ್ಟಾಗ ಒಂಬತ್ತು ರಾತ್ರಿ ಕುಳಿತು ತೂಕದ ಚೀಟಿಗಳಿಂದ ಲೆಕ್ಕವನ್ನು ಮತ್ತೆ ಕಟ್ಟಿದವನು ನಾನು. ಮೆಣಸಿನಕಾಯಿಯ ಕೆಂಪು ಧೂಳು ಕಂಪ್ಯೂಟರಿನ ಫ್ಯಾನಿನ ರೆಕ್ಕೆಗಳಿಗೆ ಕಂಬಳಿಯಂತೆ ಅಂಟಿಕೊಂಡಿತ್ತು. ಬ್ರಷ್ ಹಾಕಿದರೆ ಅಂಗಡಿಯವರೆಲ್ಲ ಕೆಮ್ಮುತ್ತಾ ಹೊರಗೆ ಓಡಬೇಕಾಗಿತ್ತು. ಡಿಸ್ಕಿನಿಂದ ಮಾಹಿತಿ ತೆಗೆಸಲು ಸುಮಾರು 18,000 ರೂಪಾಯಿ ಕೊಟ್ಟೆ, ಮರಳಿ ಬಂದದ್ದು ಅರ್ಧ ಮಾತ್ರ. ಇಂಥ ಧೂಳಿನ ಊರಿನಲ್ಲಿ ಲೆಕ್ಕವನ್ನು ಅಂಗಡಿಯ ಪೆಟ್ಟಿಗೆಯಲ್ಲಿ ಇಡಬಾರದೆಂದು ಅಂದೇ ನಿಶ್ಚಯಿಸಿದೆ.

ಮೊದಲು ಡೇಟಾ ಫೈಲುಗಳನ್ನು ಒಂದು ಸಿಂಕ್ ಫೋಲ್ಡರಿನಲ್ಲಿ (ಇಂಟರ್ನೆಟ್ ಮೂಲಕ ತಾನಾಗಿಯೇ ನಕಲಾಗುವ ಫೋಲ್ಡರಿನಲ್ಲಿ) ಇಟ್ಟು ಎರಡು ಕಂಪ್ಯೂಟರುಗಳಲ್ಲಿ ತೆರೆದೆ. ಮೂರನೆಯ ವಾರಕ್ಕೆ ಒಂದರ ಮೇಲೊಂದು ಬರೆದುಕೊಂಡು ಖಾತೆಗಳು ಕೆಟ್ಟವು. 2021ರ ಕೊನೆಗೆ ಮುಂಬೈಯಲ್ಲಿ ವಿಂಡೋಸ್ ಸರ್ವರನ್ನು ಬಾಡಿಗೆಗೆ ಹಿಡಿದೆ. ಹಗಲು ರಾತ್ರಿ ಚಾಲೂ ಬಿಟ್ಟಿದ್ದರಿಂದ, ಹಳೆಯ ಸ್ನ್ಯಾಪ್‌ಶಾಟುಗಳನ್ನು (ಡಿಸ್ಕಿನ ನಕಲುಗಳನ್ನು) ಅಳಿಸದೆ ಇದ್ದುದರಿಂದ, ಶೇಕಡಾ 18 ಜಿಎಸ್‌ಟಿ ಸೇರಿ ಮೊದಲ ತಿಂಗಳಿಗೇ 11,000ದಷ್ಟು ಬಿಲ್ಲು ಬಂತು. ಆ ಅಕ್ಟೋಬರಿನಿಂದ 5,000 ಮೀರಿದ ಸ್ವಯಂ ಪಾವತಿಗೆ ಪ್ರತಿ ಸಲವೂ ಓಟಿಪಿ ಕಡ್ಡಾಯವಾಗಿತ್ತು. ನಾನು ಮೇಲ್ ನೋಡಲಿಲ್ಲ, ಹಣ ಕಡಿತವಾಗಲಿಲ್ಲ, ಸೋಮವಾರದ ಟೆಂಡರಿನ ದಿನವೇ ಸರ್ವರ್ ನಿಂತಿತು. ಅಂದು ಅಣ್ಣ ಒಂದು ಮಾತೂ ಆಡದೆ ಹಳೆಯ ಕೆಂಪು ವಹಿಯನ್ನು ತೆಗೆದು ಮುಂದಿಟ್ಟದ್ದು ಇಂದಿಗೂ ನೆನಪಿದೆ.

ಗೆದ್ದದ್ದು ವೇಳಾಪಟ್ಟಿಯಿಂದ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ 9ರಿಂದ ರಾತ್ರಿ 1ರವರೆಗೆ, ಉಳಿದ ದಿನ ಸಂಜೆ 6ರವರೆಗೆ ಮಾತ್ರ ಸರ್ವರ್ ಚಾಲೂ ಇರುತ್ತದೆ. ನಿಂತಾಗ ಡಿಸ್ಕಿನ ಬಾಡಿಗೆಯಷ್ಟೇ ಬೀಳುತ್ತದೆ. ಸೀಸನ್ನಿನಲ್ಲಿ ತಿಂಗಳಿಗೆ 4,500ರ ಸುಮಾರು, ಮಳೆಗಾಲದಲ್ಲಿ 2,000ದ ಆಸುಪಾಸು. ವಿಂಡೋಸ್ ಸರ್ವರಿನಲ್ಲಿ ನಿರ್ವಹಣೆಗೆಂದು ಸಿಗುವ ಎರಡು ಲಾಗಿನ್ ನಾಲ್ವರಿಗೆ ಸಾಲದ್ದರಿಂದ, ಪರವಾನಗಿಗೆಂದು ಒಮ್ಮೆಗೇ 40,000ದ ಹತ್ತಿರ ಹಾಕಬೇಕಾಯಿತು. ಇದನ್ನು ಲೆಕ್ಕಕ್ಕೆ ಹಿಡಿಯದೆ ಅಗ್ಗವೆಂದು ಹೇಳುವವರ ಮಾತನ್ನು ನಂಬಬೇಡಿರಿ. ಕೆಲಸವೆಲ್ಲ ಸರ್ವರಿನಲ್ಲೇ ನಡೆದು ಪರದೆಯ ಚಿತ್ರ ಮಾತ್ರ ಓಡಾಡುವುದರಿಂದ ನಾಲ್ವರ ಇಡೀ ದಿನದ ಕೆಲಸಕ್ಕೆ ನಮಗೆ ಒಂದು ಜಿಬಿಯಷ್ಟು ಡೇಟಾ ಸಾಕಾಗುತ್ತಿದೆ, ಮನೆಗೆ ಕಳಿಸಬೇಕೆಂದಿದ್ದ ಹಳೆಯ ಕಂಪ್ಯೂಟರುಗಳೂ ಸರಾಗವಾಗಿ ನಡೆಯುತ್ತಿವೆ.

ಸರ್ವರಿನ ಗಡಿಯಾರ ನಮ್ಮ ಸಮಯಕ್ಕಿಂತ ಐದೂವರೆ ತಾಸು ಹಿಂದೆ ಇದ್ದುದನ್ನು ನಾನು ಗಮನಿಸಿರಲಿಲ್ಲ. ರಾತ್ರಿ 12ರ ನಂತರ ಬರೆದ ನಗದು ಚೀಟಿಗಳೆಲ್ಲ ಹಿಂದಿನ ತಾರೀಖಿಗೆ ಸೇರಿ, ಎರಡು ವಾರ ಶಿಲ್ಕು ತಾಳೆಯಾಗಲಿಲ್ಲ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅದಕ್ಕಿಂತ ಹೆಚ್ಚು ಕಾಡಿತು: 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿದ್ದ ರೈತರ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಮೂಡುತ್ತಿದ್ದವು. ಹೆಸರುಗಳನ್ನೆಲ್ಲ ಯೂನಿಕೋಡಿಗೆ ಬದಲಿಸಿದೆ. ಒಂದು ಪಟ್ಟಿ ಹೊರಬರಲು ಹಿಡಿಯುತ್ತಿದ್ದ 40 ಸೆಕೆಂಡುಗಳನ್ನು ನಾಲ್ಕೈದಕ್ಕೆ ಇಳಿಸಿದ ಬಗೆಯನ್ನು ಮಾತ್ರ ಇಲ್ಲಿ ಬರೆಯಲಾರೆ. ಅದಕ್ಕೆ ಎರಡು ಸೀಸನ್ ಕೊಟ್ಟಿದ್ದೇನೆ. ತೂಕದ ಜಾಗದಲ್ಲೇ ಟ್ಯಾಬ್ಲೆಟ್ಟಿನಲ್ಲಿ ಚೀಲದ ಲೆಕ್ಕ ಬರೆಸುವ ಪ್ರಯೋಗವನ್ನೂ ಮಾಡಿದೆ. ಚಾರ್ಜಿಂಗ್ ತೂತಿನಲ್ಲಿ ಧೂಳು ತುಂಬಿ ಹದಿನೈದು ದಿನಕ್ಕೇ ಅದು ಮುಗಿಯಿತು.

ಈಗ ಆಡಿಟರು ಹುಬ್ಬಳ್ಳಿಯಲ್ಲೇ ಕುಳಿತು ನಮ್ಮ ಖಾತೆ ತೆರೆಯುತ್ತಾರೆ. ಟೆಂಡರಿನ ರಾತ್ರಿ ಸರ್ವರ್ ನಿಲ್ಲುವ ಮೊದಲು ಡೇಟಾದ ಒಂದು ಪ್ರತಿ ಪೆನ್‌ಡ್ರೈವಿಗೆ ಇಳಿಯುತ್ತದೆ. ಅದನ್ನು ಅಣ್ಣ ತಿಜೋರಿಯಲ್ಲಿಟ್ಟು ತಾವೇ ಕೀಲಿ ಹಾಕುತ್ತಾರೆ.